ಗೆರೆ ಸಾರ್ ಮತ್ತು ಹುಳದ ಜ್ವರ

ಕಂಪ್ಯೂಟರಿನ ಗಾಜಿನ ಮೇಲೆ ಮರದ ಅಡಿಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದವರೆಂದರೆ ನಾನು ಕಂಡಿದ್ದು ಅವರೊಬ್ಬರನ್ನೇ. ಯಂತ್ರ ಎಳೆದ ಗೆರೆ ನೆಟ್ಟಗಿದೆಯೋ ಇಲ್ಲವೋ ಎಂದು ಅವರಿಗೆ ಅನುಮಾನ. ಅಡಿಪಟ್ಟಿ ಉಜ್ಜಿ ಉಜ್ಜಿ ಗಾಜಿನ ನಡುವೆ ಒಂದು ಗೀರು ಬಿದ್ದಿತ್ತು. ಆಮೇಲೆ ಯಾವ ಲೆಕ್ಕ ಮಾಡಿದರೂ ಎರಡು ಗೆರೆ ಕಾಣುತ್ತಿದ್ದವು. ಕಚೇರಿಯವರೆಲ್ಲ ಅವರನ್ನು ಗೆರೆ ಸಾರ್ ಎನ್ನುತ್ತಿದ್ದರು.

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಅವರಿದ್ದ ರೇಷ್ಮೆ ಕಚೇರಿಯಲ್ಲೇ ನನಗೆ ಅನುಕಂಪದ ಮೇಲೆ ಗುಮಾಸ್ತೆಯ ಕೆಲಸ ಕೊಟ್ಟರು. ನಾನು ಹಳ್ಳಿ ಶಾಲೆಯಲ್ಲಿ ಹತ್ತನೇ ಕ್ಲಾಸು ಓದಿದವಳು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಅಭ್ಯಾಸವಿರಲಿಲ್ಲ. ಎರಡು ವರ್ಷದೊಳಗೆ ಕಂಪ್ಯೂಟರ್ ಕಲಿತು, ‘ಈಕೆಗೆ ಬರುತ್ತದೆ’ ಎಂದು ಗೆರೆ ಸಾರ್ ಕೈಯಲ್ಲಿ ರುಜು ಹಾಕಿಸಿಕೊಂಡರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ನಿಮ್ಮ ಅಪ್ಪ ಆಗ ಏಳನೇ ಕ್ಲಾಸು, ಅತ್ತೆ ನಾಲ್ಕನೇ ಕ್ಲಾಸು.

ಸಾರ್ ಕಲಿಸುತ್ತಿದ್ದದ್ದು ಎಕ್ಸೆಲ್‌ನಲ್ಲಿ ರಿಗ್ರೆಷನ್ ಎಂಬ ಲೆಕ್ಕ. ಎರಡು ಸಾಲು ಅಂಕಿ ಕೊಟ್ಟರೆ ಯಂತ್ರ ಚುಕ್ಕಿ ಇಡುತ್ತದೆ, ಚುಕ್ಕಿಗಳ ನಡುವೆ ಒಂದು ಗೆರೆ ಎಳೆಯುತ್ತದೆ. “ಮಲಗಿರೋ ಗೆರೆ ಮೇಲೆ ಕಾರಣ, ನಿಂತಿರೋ ಗೆರೆ ಮೇಲೆ ಫಲ. ಅದಲು ಬದಲು ಮಾಡಿದ್ರೆ, ಕೊಡೆ ಬಿಚ್ಚಿದ್ದಕ್ಕೇ ಮಳೆ ಬಂತು ಅಂದಂಗಾಗುತ್ತೆ ಕಣಮ್ಮ” ಎನ್ನುತ್ತಿದ್ದರು. ಆರ್ ಸ್ಕ್ವೇರ್ ಎಂಬ ಅಂಕಿ ಒಂದರ ಹತ್ತಿರ ಬಂದರೆ ಚುಕ್ಕಿಗಳು ಗೆರೆಯ ಮಾತು ಕೇಳುತ್ತಿವೆ ಎಂದರ್ಥ. ಸೊನ್ನೆಯ ಹತ್ತಿರ ಇದ್ದರೆ? “ಅದು ಬರೀ ರಂಗೋಲಿ.”

ಅವರ ಗೆರೆಗೆ ಸಿಗದ ವಸ್ತುವೇ ಇರಲಿಲ್ಲ. ರಾಮಕೃಷ್ಣನಗರದಿಂದ ಬರುವ ನನ್ನ ಬಸ್ಸು ಮಳೆಗೆ ತಡವಾಯಿತು ಎಂದು ಒಂದೆರಡು ಸಲ ಹೇಳಿದ್ದೆ. ಅವರು ಒಂದು ತಿಂಗಳು ಮಳೆಯನ್ನೂ ನಾನು ಬಂದ ಹೊತ್ತನ್ನೂ ಬರೆದಿಟ್ಟುಕೊಂಡು, ಒಂದು ದಿನ ಎಲ್ಲರ ಮುಂದೆ ಹೇಳಿದರು: “ಮಳೆಗೂ ನಿಮ್ಮ ತಡಕ್ಕೂ ಸಂಬಂಧ ಇಲ್ಲ ಕಣಮ್ಮ. ಆರ್ ಸ್ಕ್ವೇರ್ ಸೊನ್ನೆ. ಬೇರೆ ನೆಪ ಹುಡುಕ್ಕೊಳ್ಳಿ.”

ಲೆಕ್ಕದಲ್ಲಿ ಅಷ್ಟು ಗಟ್ಟಿ ಇದ್ದವರಿಗೆ ಹುಳದ ವಿಷಯ ಮಾತ್ರ ಗೊತ್ತಿರಲಿಲ್ಲ. ಪೇಟೆಯ ನಡುವಿನ ಲಕ್ಷ್ಮೀಪುರಂನಲ್ಲಿ ಹುಟ್ಟಿ ಬೆಳೆದವರು, ಬೇರೆ ಇಲಾಖೆಯಿಂದ ಲೆಕ್ಕಕ್ಕೆಂದೇ ವರ್ಗವಾಗಿ ಬಂದವರು, ಹಳ್ಳಿಗೆ ಕಾಲಿಟ್ಟವರಲ್ಲ. ಅವರು ಹುಳು ಕಂಡದ್ದೆಂದರೆ ಬೇಳೆ ಡಬ್ಬಿಯಲ್ಲಿ.

ನನ್ನ ಎರಡು ವರ್ಷ ಮುಗಿಯುತ್ತಾ ಬಂದಿತ್ತು. ಹಳ್ಳಿಗಳಿಂದ ರೇಷ್ಮೆ ರೈತರು ತುಂಬಿಕೊಟ್ಟ ಹಾಳೆಗಳು ಬಂದವು. ಅದರಲ್ಲಿ ‘ಜ್ವರ ಎಷ್ಟು’ ಎಂಬ ಒಂದು ಕಲಂ. ಹೆಚ್ಚಿನವರು ನಾಲ್ಕು ಎಂದೂ, ಕೆಲವರು ಎರಡು ಎಂದೂ ಬರೆದಿದ್ದರು. ಪಕ್ಕದಲ್ಲಿ ಗೂಡಿನ ತೂಕ. ನಾನು ಟೈಪು ಮಾಡಿಕೊಟ್ಟೆ, ಸಾರ್ ಗೆರೆ ಎಳೆದರು. ಎರಡು ಜ್ವರದವರ ಗೂಡು ಹೆಚ್ಚು, ನಾಲ್ಕು ಜ್ವರದವರದು ಕಡಿಮೆ. ಗೆರೆ ಜಾರುಬಂಡೆಯ ಹಾಗೆ ಇಳಿಯಿತು.

“ನೋಡಿದ್ರಾ, ಒಂದೊಂದು ಜ್ವರಕ್ಕೂ ಗೂಡು ಇಳೀತಾ ಇದೆ. ಒಂದು ಮನೇನೂ ಬಿಟ್ಟಿಲ್ಲ, ಜಿಲ್ಲೆಗೇ ಪಿಡುಗು ಬಂದಿದೆ ಕಣಮ್ಮ” ಎಂದರು. ಗೆರೆಯನ್ನು ಹಿಂದಕ್ಕೆ, ಜ್ವರ ಸೊನ್ನೆ ಇರುವ ಕಡೆಗೆ ಎಳೆದರು. ಅಲ್ಲಿ ಗೂಡಿನ ತೂಕ ಮುಗಿಲು ಮುಟ್ಟಿತ್ತು. ಹುಳುಗಳಿಗೆ ತಕ್ಷಣ ಔಷಧಿ ಕೊಡಿಸಬೇಕೆಂದು ವರದಿ ಬರೆದರು. ಸೋಮವಾರ ಅದು ಮೇಲಧಿಕಾರಿಗಳಿಗೆ ಹೋಗಬೇಕು.

ನನ್ನ ತವರಿನಲ್ಲಿ ಅವ್ವ ಹುಳು ಸಾಕುತ್ತಿದ್ದಳು. ಜ್ವರ ಎಂದರೆ ಏನೆಂದು ನನಗೆ ಗೊತ್ತು. ಆದರೆ ರುಜು ಹಾಕಬೇಕಾದವರಿಗೇ ನೀವು ತಪ್ಪು ಎನ್ನುವುದು ಹೇಗೆ? ಧೈರ್ಯ ಮಾಡಿ ಮೇಜಿನ ಹತ್ತಿರ ಹೋದೆ. “ಸಾರ್...” ಎಂದೆ.

“ಏನಮ್ಮ?”

“ಕಾಫಿ ಆರೋಯ್ತದೆ ಸಾರ್.”

ಅವರು ಊಟಕ್ಕೆ ಹೋದಾಗ, ಬಾಯಲ್ಲಿ ಬಾರದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪು ಮಾಡಿ ಜ್ವರದ ಕಲಂನಲ್ಲೇ ಬರೆದಿಟ್ಟೆ: ಇದು ರೋಗ ಅಲ್ಲ ಸಾರ್, ಹುಳ ಪೊರೆ ಬಿಡೋದು. ಸಾರ್ ಬಂದು ಇನ್ನೊಮ್ಮೆ ಲೆಕ್ಕ ಮಾಡಿದರೆ ಯಂತ್ರ ಮೊಂಡು ಹಿಡಿಯಿತು. ಅಂಕಿ ಇರಬೇಕಾದ ಕಡೆ ಅಕ್ಷರವಿದೆ, ಆಗುವುದಿಲ್ಲ ಎಂದಿತು.

ಹುಡುಕಿ ಓದಿದರು. ನನ್ನನ್ನು ಕರೆದರು. “ಜ್ವರ ಅಂದ್ರೆ ಜ್ವರ ಅಲ್ವಾ?”

ಸೆರಗು ಹಿಡಿದುಕೊಂಡು ಹೇಳಿದೆ. “ಅಲ್ಲ ಸಾರ್. ಪೊರೆ ಬಿಡೋವಾಗ ಹುಳ ಸೊಪ್ಪು ತಿನ್ನಕಿಲ್ಲ. ತಲೆ ಎತ್ಕಂಡು ಸುಮ್ಕೆ ಕೂತಿರ್ತದೆ. ಅದಕ್ಕೇ ನಮ್ ಕಡೆ ಜ್ವರ ಅಂತೀವಿ. ನಾಕು ಜ್ವರ ಆಗದೆ ಹುಳ ಗೂಡೇ ಕಟ್ಟಾಕಿಲ್ಲ.”

“ಮತ್ತೆ ಎರಡು ಅಂತ ಬರ್ದಿರೋರು?”

“ಅವ್ರು ಬೆಳ್ದಿರೋ ಮರಿ ತಂದವ್ರೆ ಸಾರ್. ಮೊದಲ್ನೇ ಎರಡು ಜ್ವರ ಮರಿ ಮಾರೋರತ್ರಾನೇ ಆಗೋಗಿರ್ತದೆ. ಅಲ್ಲಿ ಮರೀನ ಚೆನ್ನಾಗಿ ಸಾಕ್ತಾರೆ. ಬೆಳೆ ಚೆನ್ನಾಗಿರೋದು ಅದಕ್ಕೆ.”

ಎರಡು ವರ್ಷದಲ್ಲಿ ಆ ಕಚೇರಿಯಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಸಾರ್ ಅಡಿಪಟ್ಟಿಯನ್ನು ಮೇಜಿನ ಮೇಲಿಟ್ಟರು. ಕೆಲಸ ಹೋಯಿತು ಎಂದುಕೊಂಡೆ. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. “ಸೋಮವಾರ ನಾನು ಜಿಲ್ಲೆ ಹುಳಕ್ಕೆಲ್ಲ ಜ್ವರದ ಮಾತ್ರೆ ನುಂಗಿಸಿಬುಡ್ತಿದ್ನಲ್ಲಮ್ಮ. ಗೆರೆ ಏನೋ ಸರಿಯಾಗೇ ಇತ್ತು. ಓದಕ್ಕೆ ನನಗೆ ಬರ್ಲಿಲ್ಲ.”

ವರದಿ ಹರಿದು ಹಾಕಿದರು. ನನ್ನನ್ನು ಕಚೇರಿಯ ದೊಡ್ಡ ಸಾಹೇಬರ ಕೋಣೆಗೆ ಕರೆದುಕೊಂಡು ಹೋಗಿ, “ತಪ್ಪು ನಂದು, ಕಂಡುಹಿಡಿದಿದ್ದು ಇವರು” ಎಂದರು. ಕೆಲಸ ಖಾಯಂ ಮಾಡುವ ನನ್ನ ಅರ್ಜಿಗೆ ಅಲ್ಲೇ ನಿಂತು ರುಜು ಹಾಕಿದರು. ಶಾಯಿ ಆರಲೆಂದು ಊದಿ, ಕೈಗೆ ಕೊಟ್ಟರು. ನಿಮ್ಮ ಅಪ್ಪನ ಓದು, ಅತ್ತೆಯ ಓದು, ಈಗ ನಾವು ಕೂತಿರುವ ಈ ಮನೆ, ಎಲ್ಲ ಆ ರುಜುವಿನ ಮೇಲೆ ನಿಂತಿವೆ.

ನಿವೃತ್ತರಾದ ಕೆಲವು ವರ್ಷಕ್ಕೆ ಸಾರ್ ಹೋಗಿಬಿಟ್ಟರು. ಲಕ್ಷ್ಮೀಪುರಂನ ಮನೆಯಲ್ಲಿ ಕೂರಲು ಜಾಗವಿಲ್ಲದಷ್ಟು ಜನ. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದೆ. ಅವರ ಹೆಂಡತಿಯನ್ನು ನಾನು ಮೊದಲು ನೋಡಿರಲಿಲ್ಲ. ಹಳೆಯ ಕಚೇರಿಯವರೊಬ್ಬರು ನನ್ನ ಕಡೆ ಕೈ ತೋರಿಸಿ ಅವರ ಕಿವಿಯಲ್ಲಿ ಏನೋ ಹೇಳಿದರು, ಆಕೆ ಒಳಗಿನಿಂದಲೇ ನನ್ನನ್ನು ನೋಡಿದರು.

“ನೀವು ಜ್ವರದಮ್ಮ ಅಲ್ವೇ?” ಎಂದರು. “ಪೇಪರಲ್ಲಿ ಇದಕ್ಕೆ ಇದೇ ಕಾರಣ ಅಂತ ಏನೇ ಬರ್ಲಿ, ನಮ್ಮನೆಯವ್ರು ‘ತಡಿ, ಜ್ವರದಮ್ಮನ್ನ ಒಂದ್ಮಾತು ಕೇಳಬೇಕು’ ಅಂತಿದ್ರು ಕಣ್ರೀ. ಮೊನ್ನೆವರೆಗೂ ಅಂತಿದ್ರು.”

ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು.

“ಹೂಂ, ನಾನೇ” ಎಂದೆ. ಅಷ್ಟು ಜನರಿಗೂ ಕೇಳುವ ಹಾಗೆ.