ತರಗಿಗೆ ಬೆಂಕಿ ಇಡುವ ದಿನ

ಮೊದಲು ಬಂದದ್ದು ಕೆಮ್ಮು. ಕೆಮ್ಮಿಗೆ ಯಾರು ಹೆದರುತ್ತಾರೆ? ಶುಂಠಿ ಕಷಾಯ ಕೊಟ್ಟೆ, ಮೆಣಸು ಜಗಿಸಿದೆ. ಆಮೇಲೊಂದು ಬೆಳಿಗ್ಗೆ ನಮ್ಮ ಯಜಮಾನರು ಹಸುವಿಗೆ ಹುಲ್ಲು ಹಾಕಿ ಬಂದವರು ಜಗುಲಿಯ ಕಂಬ ಹಿಡಿದು ನಿಂತುಬಿಟ್ಟರು. ಬಾಯಿ ತೆರೆದಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಎಕ್ಸ್-ರೇ ಆಯಿತು, ಊದಿಸಿ ನೋಡುವ ಟೆಸ್ಟ್ ಆಯಿತು. ಸಿಓಪಿಡಿ, ಉಸಿರಿನ ದಾರಿ ಕಟ್ಟಿಕೊಳ್ಳುವ ಶ್ವಾಸಕೋಶದ ಕಾಯಿಲೆ ಅಂದರು ಡಾಕ್ಟರು. ಬೀಡಿ ಎಷ್ಟು ವರ್ಷದಿಂದ ಅಂತ ಕೇಳಿದರು. ನನಗೆ ರೇಗಿತು. ಬೀಡಿ ಸೇದುವವರ ಪಕ್ಕ ಕೂರದ ಮನುಷ್ಯ ಇವರು. ಹಾಗಾದರೆ ಊರಲ್ಲಿ ಹೊಗೆ ಇದೆಯಾ ಅಂದರು. ಇಲ್ಲ ಸಾರ್, ಹಳ್ಳಿ, ಒಳ್ಳೇ ಗಾಳಿ ಅಂದೆ.

ನಿಜಕ್ಕೂ ಹಾಗೇ ಅಂದುಕೊಂಡಿದ್ದೆ.

ವಾಪಸ್ಸು ಬರುವಾಗ ಬಸ್ಸು ಮದ್ದೂರು ಬಿಟ್ಟು ಬೆಸಗರಹಳ್ಳಿ ಕಡೆ ತಿರುಗಿತು. ಕಿಟಕಿಯಾಚೆ ಕಬ್ಬು ಕಡಿದ ಗದ್ದೆ ಉರಿಯುತ್ತಿತ್ತು. ಅದರಾಚೆ ಆಲೆಮನೆ, ಒಲೆಗೆ ತುರುಕಿದ ಹಳೇ ಟೈರಿನ ಕಪ್ಪು ಹೊಗೆ. ಹುಟ್ಟಿದಾಗಿನಿಂದ ನೋಡಿದ್ದೇ, ಕಣ್ಣಿಗೆ ಬಿದ್ದದ್ದು ಮಾತ್ರ ಅವತ್ತು. ಕಟಾವಾದ ಮೇಲೆ ಉಳಿದ ಒಣ ತರಗಿಗೆ ಬೆಂಕಿ ಇಟ್ಟರೆ ಗದ್ದೆ ಚೊಕ್ಕಟ, ಬುಡದಲ್ಲಿ ಉಳಿದ ಕೂಳೆ ಮುಂದಿನ ಬೆಳೆಗೆ ಬೇಗ ಚಿಗುರುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಇವರೂ ಮಾಡಿದವರೇ.

ತರಗು ಸುಡಬೇಡಿ ಅಂತ ಮನೆಮನೆಗೆ ಹೋಗಿ ಕೈಮುಗಿದೆ. ಯಾರೂ ಬೈಯಲಿಲ್ಲ. ಕಾಫಿ ಕೊಟ್ಟರು. ಪಕ್ಕದ ಗದ್ದೆಯ ಪುಟ್ಟಸ್ವಾಮಿ, ವರಸೆಯಲ್ಲಿ ನನಗೆ ಮೈದುನ, ತಲೆ ಕೆರೆದುಕೊಂಡು ಹೇಳಿದ:

"ಸುಡ್ದೆ ಇರಕಾಯ್ತದಾ ಅತ್ಗೆ? ಅಣ್ಣನ್ನ ಮಂಡ್ಯಕ್ಕೆ ಯಾವತ್ತು ಕರ್ಕೊಂಡೋಯ್ತೀರಿ ಯೋಳಿ. ಅವತ್ತೇ ಬೆಂಕಿ ಅಚ್ತೀವಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾತಿಗೆ ಮಾತ್ರ ತಪ್ಪಲಿಲ್ಲ ಅವರು. ನಾವು ಚೆಕಪ್‌ಗೆ ಹೊರಟ ದಿನವೇ ಗದ್ದೆಗಳು ಉರಿದವು. ಸಂಜೆ ಬಂದಾಗ ಬೆಂಕಿ ಇರುತ್ತಿರಲಿಲ್ಲ, ಹೊಗೆ ಇರುತ್ತಿತ್ತು. ಗಾಳಿ ಆಡದ ಚಳಿಗಾಲದಲ್ಲಿ ಅದು ಎಲ್ಲಿಗೆ ಹೋದೀತು? ಕಿಟಕಿಗೆ ಒದ್ದೆ ಸೀರೆ ಕಟ್ಟುತ್ತಿದ್ದೆ. ಇನ್‌ಹೇಲರ್, ನೆಬ್ಯುಲೈಸರ್, ಮತ್ತೆ ಇನ್‌ಹೇಲರ್. ಕರೆಂಟು ಹೋದರೆ ಔಷಧಿ ಆವಿ ಮಾಡುವ ಆ ಮಿಷನ್ನೂ ನಿಲ್ಲುತ್ತಿತ್ತು, ಮೊರ ಹಿಡಿದು ಗಾಳಿ ಬೀಸುತ್ತಿದ್ದೆ. ಮಾತಿಗೆ ನಿಂತು ಬಸ್ಸು ತಪ್ಪಿಸಿಕೊಳ್ಳುತ್ತಿದ್ದ ಮನುಷ್ಯ ಈಗ ಒಂದು ಮಾತಾಡಿದರೆ ಸುಧಾರಿಸಿಕೊಳ್ಳಬೇಕು. ಮಲಗಲಾರರು. ಗೋಡೆಗೆ ಒರಗಿ ಕೂತೇ ನಿದ್ದೆ.

ಹಾಳಾದ ಶ್ವಾಸಕೋಶ ಸರಿಹೋಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ, ಹೊಗೆಯಿಂದ ದೂರ ಇಡಿ ಅಂದರು ಡಾಕ್ಟರು. ದೂರ ಅಂದರೆ ಎಲ್ಲಿಗೆ? ಮಳವಳ್ಳಿ ಹತ್ತಿರದ ನನ್ನ ತವರಿಗೆ ಕರೆದುಕೊಂಡು ಹೋದೆ.

ಅಲ್ಲೂ ಕಬ್ಬು.

ತಿರುಗಿ ಬಂದೆವು. ಬರುವ ಸೋಮವಾರ ಅಡ್ಮಿಟ್ ಮಾಡಬೇಕು. ನಿನ್ನೆ ಪುಟ್ಟಸ್ವಾಮಿ ಬಾಗಿಲಲ್ಲಿ ನಿಂತು ಯಾವತ್ತು ಹೊರಡುತ್ತೀರಿ ಅಂತ ಕೇಳಿದ. ಹೇಳಿದೆ. ಕೇಳಿ ಮಾಡುತ್ತಾರಲ್ಲ, ಅಷ್ಟಾದರೂ ಇದೆ, ನಾನು ಅವರಿಗೆ ಋಣಿಯೇ. ಊರಲ್ಲಿ ಸುಡದೆ ಉಳಿದಿರುವುದು ಅವನ ಇನ್ನೊಂದು ಗದ್ದೆ ಮತ್ತು ನಮ್ಮದು. ನಮ್ಮದಕ್ಕೆ ಬೆಂಕಿ ಸೋಕಲು ನಾನು ಬಿಟ್ಟಿರಲಿಲ್ಲ.

ಒಳಗಿನಿಂದ ಯಜಮಾನರು ಅವನನ್ನು ಕರೆದರು.

"ಸ್ವಾಮಿ... ಅವತ್ತೇ ನಮ್ದೂವೆ... ಅಚ್ಚುಬುಡ್ಲಾ. ಕೂಳೆ... ಚಿಗುರ್ಬೇಕಲ್ಲ."

ಅವನು ನನ್ನ ಮುಖ ನೋಡಿದ. ಹೂಂ ಅಂದೆ. ಅವನು ಹೋದ ಮೇಲೆ ಆಸ್ಪತ್ರೆಯ ಬ್ಯಾಗು ತೆಗೆದು ಅವರ ಇನ್ನೆರಡು ಜೊತೆ ಬಟ್ಟೆ ಇಟ್ಟೆ. ಹೊಗೆ ಕರಗುವ ತನಕ ಅವರು ಆಸ್ಪತ್ರೆಯಲ್ಲೇ ಇರಲಿ.