ಮುರಿದ ದೋಟಿಯ ಕೈ

ಅರಂತೋಡಿನ ನೌಷಾದನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇರದೆ ಏನು ಮಾಡೀತು? ಅವನ ಶೆಡ್ಡಿಗೆ ಬಂದವರೆಲ್ಲ ಕೇಳುವುದು ಒಂದೇ: ಈ ಹಳೆಯ ಕಾರ್ಬನ್ ಫೈಬರಿನಿಂದ ಹೊಸ ದೋಟಿ ಮಾಡಿಕೊಡು.

ಅಡಿಕೆ ಕೊಯ್ಯುವ ಉದ್ದನೆಯ ಕೋಲು, ದೋಟಿ, ಈಗ ಬಿದಿರಿನದಲ್ಲ, ಕಾರ್ಬನ್ ಫೈಬರಿನದು. ಮುರಿದರೆ ಯಾರಿಗೂ ಬೇಡ. ನೌಷಾದ್ ಆ ತುಂಡುಗಳನ್ನು ಮುಚ್ಚಿದ ಡ್ರಮ್ಮಿನಲ್ಲಿ ಸುಟ್ಟು ಒಳಗಿನ ಅಂಟು ಕಳೆಯುತ್ತಾನೆ. ಉಳಿದ ಕಪ್ಪು ನಾರನ್ನು ಅಚ್ಚಿನ ಮೇಲೆ ಹರಡಿ, ಹೊಸ ಅಂಟು ಬಳಿದು, ಒತ್ತಿ ಒಣಗಿಸುತ್ತಾನೆ. ಕುರ್ಚಿಯ ಹಲಗೆ, ಪೆಟ್ಟಿಗೆ ಎಲ್ಲ ಆಗುತ್ತದೆ, ಹಗುರ, ಗಟ್ಟಿ. ಆದರೆ ನಾರು ತುಂಡಾಗಿರುವುದರಿಂದ ಉದ್ದದ ದೋಟಿಗೆ ಆಗದು. ಇದನ್ನು ಹೇಳಿ ಹೇಳಿ ಅವನ ಗಂಟಲು ಒಣಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಇನ್ನೊಂದು ಮಾತೂ ಯಾರ ತಲೆಗೂ ಹೋಗುವುದಿಲ್ಲ. ಫೈಬರ್ ಅಂದರೆ ಪ್ಲಾಸ್ಟಿಕ್ಕಿನ ಹಾಗೆ, ಕರೆಂಟು ಹೊಡೆಯುವುದಿಲ್ಲ ಎಂದು ಊರಿಗೆ ಊರೇ ನಂಬಿದೆ. ಆದರೆ ಕಾರ್ಬನ್ನಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ನೌಷಾದನ ಶಾಲೆಯ ಗೆಳೆಯ, ಮಂಡೆಕೋಲಿನ ಕೂಸಪ್ಪನೂ ಊರಿನವರ ಹಾಗೇ ನಂಬಿದ್ದ. ಅಡಿಕೆ ಕೊಯ್ಲಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಹೋದ ವರ್ಷ ಅವನ ದೋಟಿ ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ತಾಗಿತು. ಜೀವ ಉಳಿಯಿತು, ಎಡಗೈಯನ್ನು ಮೊಣಕೈಯಿಂದ ಕೆಳಗೆ ಕತ್ತರಿಸಬೇಕಾಯಿತು.

ಮುರಿದು ಬಿದ್ದಿದ್ದ ಆ ದೋಟಿಯನ್ನು ನೌಷಾದನೇ ಹೊತ್ತು ತಂದ. ಸುಟ್ಟು, ನಾರು ತೆಗೆದು, ಗೆಳೆಯನ ತೋಳಿನ ಅಳತೆಗೆ ಕೃತಕ ಕೈ ಮಾಡಲು ಕೂತ. ಮೊದಲಿನದು ಬಿರುಕು ಬಿಟ್ಟಿತು, ಎರಡನೆಯದು ತೋಳಿಗೆ ಕೊರೆಯಿತು. ಕೆಲಸದುದ್ದಕ್ಕೂ ಬೈಗುಳ ನಿಲ್ಲಲಿಲ್ಲ. ಹೆಂಡತಿ ಹಸ್ನಾ ಕಿವಿಗೆ ಹತ್ತಿ ಇಟ್ಟುಕೊಳ್ಳುವುದೊಂದು ಬಾಕಿ. ಅಂತೂ ಮೂರನೆಯದು ಸರಿಯಾಗಿ ಕೂತಿತು.

ಕೂಸಪ್ಪ ಅದನ್ನು ತೊಟ್ಟು, ಎತ್ತಿ ಇಳಿಸಿ ನೋಡಿದ. "ಭಾರವೇ ಇಲ್ಲ ಮಾರಾಯ. ತುದಿಗೊಂದು ಕೊಕ್ಕೆ ಇಟ್ಟುಕೊಡು, ದೋಟಿ ಹಿಡಿಲಿಕ್ಕೆ."

ನೌಷಾದ್ ಕೆರಳಿದ. "ನಿನಗೆ ಮಂಡೆ ಸಮ ಉಂಟಾ? ಈ ಕೈಯಲ್ಲೂ ಕರೆಂಟು ಹೋಗ್ತದೆ. ಬಿಚ್ಚು, ವಾಪಸ್ ಕೊಡು."

"ಎಂತ ವಾಪಸ್ ಕೊಡುದು? ಇದು ನನ್ನದೇ ದೋಟಿ ಅಲ್ವಾ? ನನಗೆ ಬೇರೆ ಕೆಲಸ ಗೊತ್ತುಂಟಾ?"

ನೌಷಾದ್ ಹೆದರುತ್ತಲೇ ಒಪ್ಪಿದ. ಕೊಕ್ಕೆ ಇಟ್ಟ, ಅದಕ್ಕೆ ದಪ್ಪ ರಬ್ಬರ್ ಸುತ್ತಿದ, ರಬ್ಬರನ್ನೂ ನಂಬಲಿಲ್ಲ. ಈಗ ಕೂಸಪ್ಪ ಕೊಯ್ಲಿಗೆ ಹೊರಟರೆ ಇವನು ಶೆಡ್ಡಿಗೆ ಬೀಗ ಹಾಕಿ ಹಿಂದೆಯೇ ಹೋಗುತ್ತಾನೆ. ಕೂಸಪ್ಪ ಅಡಿಕೆ ಗೊನೆ ನೋಡುತ್ತಾನೆ. ನೌಷಾದ್ ತಂತಿ ನೋಡುತ್ತಾ, ಬೈಯುತ್ತಾ, ದೋಟಿ ಕೆಳಗಿಳಿಯುವವರೆಗೆ ಅಲ್ಲೇ ನಿಂತಿರುತ್ತಾನೆ.