ಕುರ್ಡಿಯ ಲೈನು

ಕುರ್ಡಿ ಎಂಬ ಹಳ್ಳಿಯಲ್ಲಿ ಹೊಲಿಗೆ ಕಲಿಸುವ ನಮ್ಮ ಅಕ್ಕಾರು ಮಾತಾಡುವಾಗಲೂ ತುಟಿಯ ಮೂಲೆಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಇರುತ್ತಿದ್ದರು. ಮಾತು ಹಲ್ಲಿನ ಸಂದಿಯಿಂದ ತೂರಿಕೊಂಡು ಬರುತ್ತಿತ್ತು. ನಾನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಆ ದನಿಯನ್ನು ಥೇಟ್ ಹಾಗೇ ತೆಗೆಯುತ್ತಿದ್ದೆ. ಆ ಮಂಗಾಟದಿಂದ ಒಂದು ಊರಿನ ಹೊಲಿಗೆ ಕೇಂದ್ರವನ್ನೇ ಮುಚ್ಚಿಸುವವನಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹಳ್ಳಿಗಳಲ್ಲಿ ಹೊಲಿಗೆ ಕೇಂದ್ರ ನಡೆಸುವ, ರಾಯಚೂರಿನ ನಮ್ಮ ಆಫೀಸಿನಿಂದ ಪ್ರತಿ ಸೋಮವಾರ ಆನ್‌ಲೈನ್ ಮೀಟಿಂಗ್ ನಡೆಸುವ ಕರ್ಮ ನನ್ನದು. ಹಳ್ಳಿಗಳಲ್ಲಿ ನೆಟ್ ನಿಲ್ಲುವುದಿಲ್ಲವೆಂದು ಕೇಂದ್ರಗಳವರು ಮಾಮೂಲಿ ಫೋನಿನಿಂದ ಸೇರುತ್ತಿದ್ದರು. ಪರದೆಯ ಮೇಲೆ ಮುಖವಿಲ್ಲ, ಹೆಸರಿಲ್ಲ, ಬರೀ ನಂಬರು. ದೇವದುರ್ಗದವರು ನಡುವೆ ಬೇರೆ ಕರೆ ಎತ್ತಿದರೆ ನಮ್ಮ ಕಿವಿಗೆಲ್ಲ ಹೋಲ್ಡಿನ ಹಾಡು. ಮಾನ್ವಿಯವರು ಬಸ್ಸಿನಲ್ಲಿ, ಕಂಡಕ್ಟರ್ ‘ಪೋತ್ನಾಳ ಇಳೀರಿ’ ಎಂದು ಕೂಗಿದರೆ ನಮ್ಮ ಸರ್ ಬೆಚ್ಚಿಬೀಳುತ್ತಿದ್ದರು. ಕುರ್ಡಿಯ ಅಕ್ಕಾರಂತೂ ಫೋನನ್ನು ಹೊಲಿಗೆ ಮಷಿನ್ ಮೇಲೆಯೇ ಇಡುತ್ತಿದ್ದರು. ಖಟಖಟಖಟ! ನಾನು ಅವರ ದನಿ ಬಂದ್ ಮಾಡಬೇಕು, ಅವರು ಸ್ಟಾರ್ ಆರು ಒತ್ತಿ ತೆರೆಯಬೇಕು.

“ಲೇ ತಮ್ಮಾ, ನಿನ್ನ ಮಷಿನ್ಯಾಗ ದಾರ ಹೋಗ್ಯಾದೇನು ನೋಡು ಮದ್ಲ. ನನ್ನ ಮಾತು ಹೊಲಿಗಿ ಬೀಳವಲ್ದು.”

ಏನು ಕೆಟ್ಟರೂ ಅವರ ಪಾಲಿಗೆ ದಾರದ್ದೇ ದೋಷ. ಒಮ್ಮೆ ಆಫೀಸಿಗೆ ಬಂದಾಗ ನನ್ನ ಹರಿದ ಕಿಸೆಯನ್ನು ಅಂಗಿ ಬಿಚ್ಚಿಸದೆ ಮೈಮೇಲೆಯೇ ಹೊಲಿದಿದ್ದರು: “ಅಲ್ಲಾಡಬ್ಯಾಡ, ಚುಚ್ಚತೀನಿ.”

ಒಂದು ಸೋಮವಾರ ತಲೆ ಕೆಟ್ಟು, ಫೋನಿನವರು ಯಾರೂ ತಾವಾಗಿ ದನಿ ತೆರೆಯದಂತೆ ಮಾಡಿಟ್ಟೆ. ಆಹಾ, ಏನು ನೆಮ್ಮದಿ! ಆಗಲೇ, ಮನೆಯಿಂದ ಸೇರಿದ್ದ ಸರ್, “ಕುರ್ಡಿ ಮಷಿನ್ ಎಲ್ಲಾ ಪೋತ್ನಾಳಕ್ಕ ಒಯ್ಯೋಣು, ಅದು ರೋಡಿಗೆ ಅದ. ಅಕ್ಕಾರ, ಏನಂತೀರಿ?” ಎಂದರು. ನಾನು ಲೈನು ತೆರೆಯಬೇಕಿತ್ತು. ಪಕ್ಕದ ಗೆಳೆಯನನ್ನು ನಗಿಸಲು, ನನ್ನ ಮೈಕು ತೆರೆದಿರುವಾಗಲೇ ಮುಚ್ಚಳ ಕಚ್ಚಿದೆ.

“ಹೂನ್ರೀ ಸರ್, ಆಗ್ಲಿ ಬಿಡ್ರಿ.”

ಸರ್ “ಚೊಲೋ ಆತು” ಎಂದು ಹೊರಟೇಹೋದರು.

ಮರುಕ್ಷಣ ನನಗೆ ಅಕ್ಕಾರ ಫೋನು. “ಬ್ಯಾಡ ಬ್ಯಾಡ ಅಂತ ಒದರಿ ಗಂಟಲ ಹರೀತು. ನಮ್ಮ ಹುಡುಗ್ಯಾರ್ನ ಬಸ್ ಹತ್ತಿಸಿ ಪೋತ್ನಾಳಕ್ಕ ಯಾರು ಕಳಸ್ತಾರ? ಆಗ್ಲಿ ಅಂದಾಕಿ ಯಾವಾಕಿ?”

“ನಾನ್ರೀ ಅಕ್ಕಾರ... ಮಷ್ಕಿರಿ ಮಾಡಿದ್ನಿ.”

ಅವರು ನಗಲಿಲ್ಲ. “ಚೊಲೋ ತಗೀತಿ ನನ್ನ ದನಿ. ಹಂಗಾರ ಮಷಿನ್ ಹೋಗ್ತಾವ ಅಂತ ಹುಡುಗ್ಯಾರಿಗೂ ಅದ ದನಿಲೆ ನೀನ ಹೇಳು.”

ಯಾರ ದನಿಯಲ್ಲೂ ಅದನ್ನು ಹೇಳಲು ನನ್ನಿಂದಾಗಲಿಲ್ಲ. ಮುಂದಿನ ಸೋಮವಾರ ಮೊದಲು ಕುರ್ಡಿಯ ಲೈನು ತೆರೆದೆ, ಆಮೇಲೆ ಎಲ್ಲರೆದುರು ನಡೆದದ್ದು ಹೇಳಿದೆ. “ನಾಟಕ ಕಂಪನಿ ಅಂತ ತಿಳಕೊಂಡಿಯೇನಲೇ?” ಎಂದು ಸರ್ ಮನಸಾರೆ ಉಗಿದರು.

ಅಕ್ಕಾರು ತೀರಿಕೊಂಡು ವರ್ಷವಾಗುತ್ತ ಬಂತು. ‘ಅವರ ದನಿ ತಗಿಯೋ’ ಎಂದು ಗೆಳೆಯರು ಕೇಳಿದರೆ ಮರೆತುಹೋಗಿದೆ ಎಂದು ಸುಳ್ಳು ಹೇಳುತ್ತೇನೆ. ಮಷಿನ್‌ಗಳು ಇನ್ನೂ ಕುರ್ಡಿಯಲ್ಲೇ ಓಡುತ್ತಿವೆ. ಅವನ್ನು ಉಳಿಸಿದ್ದು ನಾನಲ್ಲ, ಅಕ್ಕಾರ ಒಂದು ಮಾತು. ಅವತ್ತು ನನ್ನನ್ನು ಉಗಿದು ಮುಗಿಸಿದ ಸರ್, ಅದೇ ಸಿಟ್ಟಿನಲ್ಲಿ, ‘ಮಷಿನ್ ಒಯ್ಯಬ್ಯಾಡ್ರಿ’ ಎಂದ ಅಕ್ಕಾರ ಕಡೆ ತಿರುಗಿದ್ದರು: “ಅಲ್ರೀ, ಮನಸ್ಸಿಲ್ಲಂದ್ರ ಹೋದ ವಾರನ ಹೇಳಬೇಕಿಲ್ಲೇನು? ಎಲ್ಲಾ ತಯಾರಿ ಆದ ಮ್ಯಾಲ ಬ್ಯಾಡ ಅನ್ನಾಕತ್ತೀರಿ!”

“ಅವತ್ತೂ ಬ್ಯಾಡ ಅಂದಿದ್ದೆ ಸರ್, ಇವತ್ತೂ ಬ್ಯಾಡ ಅನ್ನಾಕತ್ತೀನಿ. ಅವತ್ತ ನಿಮ್ಮ ಕಡಿ ಬಂದ್ ಇತ್ತು, ಅಷ್ಟ.”